ಗುಲಾಮ ಒನೇಸಿಮ, ಯಜಮಾನ ಫಿಲೆಮೋನ, ನಡುವೆ ಪೌಲನ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಒನೇಸಿಮ ಯಾರು?

ಒಂದನೇ ಶತಮಾನದ ಒಬ್ಬ ಗುಲಾಮ. ಅವನ ಯಜಮಾನ ಫಿಲೆಮೋನ ಕ್ರೈಸ್ತನಾಗಿದ್ದ, ಅನುಕೂಲಸ್ಥನೂ ಆಗಿದ್ದ. ಊರಿನ ವಿಶ್ವಾಸಿಗಳ ಸಭೆ ಸೇರುತ್ತಿದ್ದುದೇ ಅವನ ಮನೆಯಲ್ಲಿ. ಯಾವುದೋ ಕಾರಣಕ್ಕೆ ಆ ಮನೆ ಬಿಟ್ಟ ಒನೇಸಿಮ, ಸೆರೆಯಲ್ಲಿದ್ದ ಅಪೊಸ್ತಲ ಪೌಲನ ಬಳಿ ಸೇರಿದ. ಅಲ್ಲಿ ಕ್ರಿಸ್ತನನ್ನು ನಂಬಿದ. ಕೆಲ ಕಾಲದ ನಂತರ ಪೌಲ ಅವನನ್ನು ಒಂದು ಪತ್ರದೊಂದಿಗೆ ಯಜಮಾನನ ಬಳಿಗೆ ಕಳಿಸಿದ. ಹೊಸ ಒಡಂಬಡಿಕೆಯಲ್ಲಿರುವ ‘ಫಿಲೆಮೋನನಿಗೆ ಬರೆದ ಪತ್ರಿಕೆ’ ಅದೇ. ಒಂದೇ ಅಧ್ಯಾಯ, 25 ವಚನ, ಗ್ರೀಕ್ ಮೂಲದಲ್ಲಿ ಸುಮಾರು 335 ಪದ. ಪೌಲನ ಪತ್ರಗಳಲ್ಲಿ ಇದಕ್ಕಿಂತ ಚಿಕ್ಕದು ಇನ್ನೊಂದಿಲ್ಲ.

ಈ ಘಟನೆ ನಡೆದ ಊರು ಯಾವುದು? ಪತ್ರದಲ್ಲಿ ಊರಿನ ಹೆಸರೇ ಇಲ್ಲವಲ್ಲ?

ಇಲ್ಲ, ನಿಜ. ಊರು ಗೊತ್ತಾಗುವುದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಿಂದ. ಅದರ 4:9ರಲ್ಲಿ ಒನೇಸಿಮನನ್ನು ‘ನಿಮ್ಮಲ್ಲಿ ಒಬ್ಬನು’ ಎಂದು ಹೇಳಿದೆ. 4:17ರಲ್ಲಿ ಅರ್ಖಿಪ್ಪನ ಹೆಸರಿದೆ; ಫಿಲೆಮೋನನ ಪತ್ರದ ವಿಳಾಸದಲ್ಲೂ ಅದೇ ಅರ್ಖಿಪ್ಪ ಇದ್ದಾನೆ. ಎರಡನ್ನೂ ಸೇರಿಸಿ ಓದಿದರೆ ಫಿಲೆಮೋನನ ಮನೆ ಕೊಲೊಸ್ಸೆಯಲ್ಲಿತ್ತು ಎಂಬ ತೀರ್ಮಾನಕ್ಕೆ ಬರಬಹುದು.

ಕೊಲೊಸ್ಸೆ ಇದ್ದದ್ದು ಇಂದಿನ ಟರ್ಕಿಯ ದೆನಿಜ್ಲಿ ಪ್ರಾಂತದಲ್ಲಿ, ಹೊನಾಜ್ ಪಟ್ಟಣದ ಹತ್ತಿರ, ಲೂಕಸ್ ನದಿಯ ಕಣಿವೆಯಲ್ಲಿ. ಲವೊದಿಕೀಯ, ಹಿಯರಾಪೊಲಿ ಎರಡೂ ಅಕ್ಕಪಕ್ಕದ ಊರುಗಳು. ಉಣ್ಣೆಯ ವ್ಯಾಪಾರಕ್ಕೆ ಹೆಸರಾದ ಸೀಮೆ ಅದು. ಪೌಲ ಕೊಲೊಸ್ಸೆಗೆ ಹೋಗಿರಲೇ ಇಲ್ಲ (ಕೊಲೊಸ್ಸೆ 2:1). ಅಲ್ಲಿ ಸುವಾರ್ತೆ ಸಾರಿದವನು ಪೌಲನ ಸಹಸೇವಕ ಎಪಫ್ರ. ಹಾಗಿದ್ದೂ ಫಿಲೆಮೋನನಿಗೆ ಪೌಲ, ‘ನೀನೇ ನನಗೆ ಸಾಲವಾಗಿದ್ದೀ’ ಎಂದು ಬರೆಯುತ್ತಾನೆ. ಬಹುಶಃ ಎಫೆಸದಲ್ಲಿ ಪೌಲ ಬೋಧಿಸುತ್ತಿದ್ದಾಗ ಫಿಲೆಮೋನ ಅಲ್ಲಿಗೆ ಹೋಗಿದ್ದವನು ವಿಶ್ವಾಸಿಯಾಗಿರಬೇಕು.

ಒನೇಸಿಮ ಕದ್ದು ಓಡಿಹೋದ ಅಂತ ಚರ್ಚಿನ ಎಲ್ಲ ಪ್ರಸಂಗಗಳಲ್ಲೂ (ಉಪದೇಶಗಳಲ್ಲೂ) ಕೇಳಿದ್ದೇವೆ. ಪತ್ರ ಹಾಗೆ ಹೇಳುತ್ತದೆಯೇ?

ಹೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ನೋಡೋಣ.

‘ಓಡಿಹೋದ’ ಎಂಬ ಮಾತು ಪತ್ರದಲ್ಲಿ ಎಲ್ಲೂ ಇಲ್ಲ. 15ನೇ ವಚನದಲ್ಲಿ ಇರುವುದು ‘ಸ್ವಲ್ಪ ಕಾಲ ನಿನ್ನಿಂದ ಅಗಲಿಸಲ್ಪಟ್ಟನು’ ಎಂದು. ಅಗಲಿಸಿದವರು ಯಾರೆಂದು ಹೇಳದೆ, ಅದರ ಹಿಂದೆ ದೇವರ ಕೈ ಇರಬಹುದೆಂದು ಪೌಲ ಸೂಚಿಸುತ್ತಾನೆ. ಅದಕ್ಕೂ ಮೊದಲು ‘ಬಹುಶಃ’ ಎಂದು ಸೇರಿಸುತ್ತಾನೆ. ಕದ್ದ ಎಂಬುದಕ್ಕೆ ಆಧಾರವಾಗಿ ಎಲ್ಲರೂ ತೋರಿಸುವುದು 18ನೇ ವಚನವನ್ನು. ಅಲ್ಲಿರುವುದು ಇಷ್ಟೇ: ‘ಅವನು ನಿನಗೇನಾದರೂ ಅನ್ಯಾಯ ಮಾಡಿದ್ದರೆ, ಇಲ್ಲವೆ ಸಾಲಗಾರನಾಗಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ.’ ‘ಮಾಡಿದ್ದರೆ’ ಎಂಬುದು ಷರತ್ತು, ಆರೋಪವಲ್ಲ. ಗುಲಾಮ ಮನೆಯಲ್ಲಿಲ್ಲದ ಅಷ್ಟೂ ದಿನದ ದುಡಿಮೆ ಯಜಮಾನನಿಗೆ ನಷ್ಟವೇ. ಆ ನಷ್ಟವನ್ನೇ ‘ಸಾಲ’ ಎಂದಿರಲೂಬಹುದು. ಕಳ್ಳತನದ ಕಥೆಯನ್ನು ಗಟ್ಟಿಗೊಳಿಸಿದವರು ನಂತರದ ವ್ಯಾಖ್ಯಾನಕಾರರು. ನಾಲ್ಕನೇ ಶತಮಾನದ ಕೊನೆಯಲ್ಲಿ ಪ್ರಸಿದ್ಧ ಬೋಧಕ ಯೊವಾನ್ ಕ್ರಿಸೊಸ್ತೊಮ ಈ ಪತ್ರವನ್ನು ವಿವರಿಸುವಾಗ ಒನೇಸಿಮನನ್ನು ಕಳ್ಳನೆಂದೇ, ಓಡಿಹೋದವನೆಂದೇ ಹೇಳಿದ. ಆ ಚಿತ್ರವೇ ಇಂದಿಗೂ ಪ್ರಸಂಗಪೀಠದಲ್ಲಿ ಉಳಿದಿದೆ.

ಓಡಿಹೋದವನೆಂಬ ಓದು ತಪ್ಪೆಂದು ಅರ್ಥವಲ್ಲ. ಹೆಚ್ಚಿನ ವಿದ್ವಾಂಸರು ಇಂದಿಗೂ ಅದನ್ನು ಒಪ್ಪುತ್ತಾರೆ. ಆದರೆ ಅದು ಪತ್ರದ ಮಾತಲ್ಲ, ಪತ್ರದಿಂದ ಮಾಡಿದ ಊಹೆ. ಪಾಠ ಮಾಡುವವರು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಬೇಕು. ಆಧಾರವಿಲ್ಲದೆ ಒಬ್ಬ ಬಡವನಿಗೆ ಕಳ್ಳನ ಪಟ್ಟ ಕಟ್ಟುವುದು ಸಣ್ಣ ವಿಷಯವಲ್ಲ.

ಓಡಿಹೋಗದಿದ್ದರೆ ಪೌಲನ ಹತ್ತಿರ ಹೇಗೆ ಬಂದ?

ಮೂರು ವಿವರಣೆಗಳು ಚಾಲ್ತಿಯಲ್ಲಿವೆ.

ಹಳೆಯದು: ಓಡಿಹೋಗಿ ದೊಡ್ಡ ನಗರದಲ್ಲಿ ತಲೆಮರೆಸಿಕೊಂಡಿದ್ದ, ಆಕಸ್ಮಿಕವಾಗಿ ಪೌಲನ ಕೈಗೆ ಸಿಕ್ಕ. ಇದರ ತೊಂದರೆ ಏನೆಂದರೆ, ಸಾವಿರಾರು ಜನರ ನಗರದಲ್ಲಿ ತನ್ನ ಯಜಮಾನನ ಆಪ್ತನೇ ಆಕಸ್ಮಿಕವಾಗಿ ಸಿಗುವುದು ನಂಬಲು ಕಷ್ಟ.

ಎರಡನೆಯದು 1985ರಲ್ಲಿ ಜರ್ಮನ್ ವಿದ್ವಾಂಸ ಪೀಟರ್ ಲಾಂಪೆ ಮುಂದಿಟ್ಟದ್ದು. ಯಜಮಾನನ ಸಿಟ್ಟಿಗೆ ಗುರಿಯಾದ ಗುಲಾಮ, ಮಧ್ಯಸ್ಥಿಕೆ ಕೇಳಲು ಯಜಮಾನನ ಗೆಳೆಯನ ಬಳಿ ಹೋಗುವುದು ಆ ಕಾಲದಲ್ಲಿ ಇದ್ದ ರೂಢಿ. ರೋಮನ್ ಕಾನೂನು ಅದನ್ನು ಗುರುತಿಸಿತ್ತು. ಪೌಲನ ಕಾಲದವನೇ ಆದ ಪ್ರೊಕ್ಯುಲಸ್ ಎಂಬ ನ್ಯಾಯಪಂಡಿತನ ಅಭಿಪ್ರಾಯ ‘ಡೈಜೆಸ್ಟ್’ ಎಂಬ ಕಾನೂನು ಸಂಕಲನದಲ್ಲಿ ಉಳಿದಿದೆ: ಯಜಮಾನ ಚಾವಟಿ ಎತ್ತುತ್ತಾನೆಂದು ಕಂಡು, ತನ್ನ ಪರವಾಗಿ ಮಾತಾಡಲು ಒಪ್ಪುವ ಗೆಳೆಯನ ಬಳಿ ಹೋದವನು ‘ಓಡಿಹೋದವನು’ ಅಲ್ಲ. ಎಷ್ಟು ದೂರ ಹೋದ ಎನ್ನುವುದಕ್ಕಿಂತ ಯಾವ ಉದ್ದೇಶದಿಂದ ಹೋದ ಎನ್ನುವುದು ಮುಖ್ಯ. ಒನೇಸಿಮ ನೇರವಾಗಿ ಪೌಲನನ್ನೇ ಹುಡುಕಿಕೊಂಡು ಬಂದಿದ್ದರೆ ಎಲ್ಲವೂ ಸರಿಹೊಂದುತ್ತದೆ. ನಮಗೂ ಇದೇ ಹೆಚ್ಚು ಸಹಜವಾಗಿ ಕಾಣುತ್ತದೆ.

ಮೂರನೆಯದು, ಸೆರೆಯಲ್ಲಿದ್ದ ಪೌಲನ ಸೇವೆಗೆಂದು ಕೊಲೊಸ್ಸೆಯವರೇ ಅವನನ್ನು ಕಳಿಸಿದ್ದರು ಎಂಬುದು. ಹಾಗಾದರೆ 18ನೇ ವಚನದ ಅನ್ಯಾಯದ ಮಾತು, ‘ಮುಂಚೆ ನಿನಗೆ ನಿರುಪಯುಕ್ತನಾಗಿದ್ದ’ ಎಂಬ 11ನೇ ವಚನದ ಮಾತು ಏಕೆ ಬಂತೆಂದು ವಿವರಿಸುವುದು ಕಷ್ಟ.

ಪೌಲ ಸೆರೆಯಲ್ಲಿದ್ದದ್ದು ಎಲ್ಲಿ? ರೋಮಿನಲ್ಲೇ?

ಪರಂಪರೆ ಹೇಳುವುದು ರೋಮ್, ಕ್ರಿ.ಶ. 60–62ರ ಸುಮಾರು. ಅಪೊಸ್ತಲರ ಕೃತ್ಯಗಳು 28ರ ಪ್ರಕಾರ ಅವನು ಅಲ್ಲಿ ಎರಡು ವರ್ಷ ಬಾಡಿಗೆ ಮನೆಯಲ್ಲಿ ಕಾವಲಿನಲ್ಲಿದ್ದ, ಬಂದವರನ್ನೆಲ್ಲ ಭೇಟಿಯಾಗಬಹುದಿತ್ತು. ಆದ್ದರಿಂದ ‘ಸೆರೆಯಲ್ಲಿದ್ದವನನ್ನು ಗುಲಾಮನೊಬ್ಬ ಭೇಟಿಯಾದದ್ದು ಹೇಗೆ’ ಎಂಬ ಪ್ರಶ್ನೆಗೆ ರೋಮಿನಲ್ಲಿ ಸುಲಭ ಉತ್ತರವಿದೆ.

ಇನ್ನೊಂದು ಪಕ್ಷ ಎಫೆಸದ್ದು, ಕ್ರಿ.ಶ. 50ರ ದಶಕದ ಮಧ್ಯಭಾಗ. ಕೊಲೊಸ್ಸೆಯಿಂದ ಎಫೆಸಕ್ಕೆ ಸುಮಾರು 190 ಕಿ.ಮೀ.; ದಿನಕ್ಕೆ 30 ಕಿ.ಮೀ. ನಡೆದರೆ ಆರೇಳು ದಿನದ ದಾರಿ. ರೋಮ್ ಎಂದರೆ ವಾರಗಟ್ಟಲೆ ಹಡಗಿನ ಪ್ರಯಾಣ, ಅದಕ್ಕೆ ಹಣ. 22ನೇ ವಚನದಲ್ಲಿ ‘ನನಗೊಂದು ಕೋಣೆ ಸಿದ್ಧಮಾಡು’ ಎಂದು ಪೌಲ ಹೇಳುವುದೂ ಎಫೆಸದಿಂದಾದರೆ ಸಹಜ. ರೋಮಿನಿಂದ ಅವನು ಹೊರಡಬೇಕೆಂದಿದ್ದುದು ಪಶ್ಚಿಮಕ್ಕೆ, ಸ್ಪೇನಿಗೆ (ರೋಮ 15:24). ಆದರೆ ಎಫೆಸದಲ್ಲಿ ಸೆರೆಯಾದದ್ದನ್ನು ಅಪೊಸ್ತಲರ ಕೃತ್ಯಗಳು ದಾಖಲಿಸಿಲ್ಲ. ಪಲೆಸ್ತೀನಿನ ಕೈಸರೈಯವನ್ನು ಹೇಳುವವರೂ ಇದ್ದಾರೆ, ಕಡಿಮೆ ಮಂದಿ. ಊರು ಯಾವುದಾದರೂ ಪತ್ರದ ತಿರುಳು ಬದಲಾಗುವುದಿಲ್ಲ.

ಓಡಿಹೋದ ಗುಲಾಮ ಸಿಕ್ಕಿಬಿದ್ದರೆ ಏನಾಗುತ್ತಿತ್ತು?

ಯಜಮಾನನ ಇಷ್ಟ. ಹೊಡೆತ, ಸಂಕೋಲೆ, ಹಣೆಗೆ ಬರೆ, ಬೀಸುವ ಕಲ್ಲಿನ ಮನೆ, ಗಣಿಗೆ ಮಾರಾಟ; ಯಾವುದಕ್ಕೂ ಕಾನೂನಿನ ಅಡ್ಡಿ ಇರಲಿಲ್ಲವೆಂದೇ ಹೇಳಬಹುದು. ರೋಮಿನ ವಸ್ತುಸಂಗ್ರಹಾಲಯದಲ್ಲಿ 4–5ನೇ ಶತಮಾನದ ಕಬ್ಬಿಣದ ಕೊರಳಪಟ್ಟಿಯೊಂದಿದೆ. ಅದಕ್ಕೆ ತೂಗುಹಾಕಿದ ಕಂಚಿನ ಬಿಲ್ಲೆಯ ಮೇಲೆ ಕೊರೆದಿರುವುದು: ‘ನಾನು ಓಡಿಬಂದಿದ್ದೇನೆ, ಹಿಡಿಯಿರಿ. ನನ್ನ ಒಡೆಯ ಜೊನಿನನಿಗೆ ಒಪ್ಪಿಸಿದರೆ ಒಂದು ಸೊಲಿಡಸ್ ಸಿಗುತ್ತದೆ.’ ಸೊಲಿಡಸ್ ಎಂದರೆ ಚಿನ್ನದ ನಾಣ್ಯ. ಆ ಪಟ್ಟಿಯನ್ನು ಧರಿಸಿದ್ದವನ ಹೆಸರು ಬಿಲ್ಲೆಯ ಮೇಲೆ ಇಲ್ಲ, ಒಡೆಯನದು ಇದೆ.

ಹುಡುಕಾಟದ ಪ್ರಕಟಣೆಗಳೂ ಇದ್ದವು. ಕ್ರಿ.ಪೂ. 2ನೇ ಶತಮಾನದ ಅಲೆಕ್ಸಾಂಡ್ರಿಯದ ಒಂದು ಪಪೈರಸ್ ಹಾಳೆಯಲ್ಲಿ ಹೆರ್ಮೊನ್ ಎಂಬ ಗುಲಾಮನ ಗುರುತು ಹೀಗಿದೆ: ಸಿರಿಯಾದವನು, ಸುಮಾರು 18 ವರ್ಷ, ಮಧ್ಯಮ ಎತ್ತರ, ಗಡ್ಡವಿಲ್ಲ, ಗಲ್ಲದಲ್ಲಿ ಗುಳಿ, ಮೂಗಿನ ಎಡಗಡೆ ಮಚ್ಚೆ, ಬಲ ಮಣಿಕಟ್ಟಿನ ಮೇಲೆ ಹಚ್ಚೆ. ಹಿಡಿದು ತಂದವರಿಗೆ ಇಷ್ಟು, ದೇವಾಲಯದಲ್ಲಿ ಅಡಗಿದ್ದಾನೆಂದು ತೋರಿಸಿದವರಿಗೆ ಅದಕ್ಕಿಂತ ಕಡಿಮೆ, ದಂಡ ತೆರಲು ಶಕ್ತನಾದ ಸ್ಥಿತಿವಂತನ ಮನೆಯಲ್ಲಿ ಇದ್ದಾನೆಂದು ತೋರಿಸಿದವರಿಗೆ ಎಲ್ಲಕ್ಕಿಂತ ಹೆಚ್ಚು ಬಹುಮಾನ. ಆಶ್ರಯ ಕೊಟ್ಟವನಿಂದ ವಸೂಲಿ ಮಾಡಬಹುದಲ್ಲ, ಅದಕ್ಕೆ.

ಕ್ರಿ.ಶ. 61ರಲ್ಲಿ, ಅಂದರೆ ಪೌಲ ರೋಮಿನಲ್ಲಿದ್ದನೆಂದು ಪರಂಪರೆ ಹೇಳುವ ದಿನಗಳಲ್ಲೇ, ನಗರಾಧಿಪತಿ ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಗುಲಾಮನೊಬ್ಬ ಕೊಂದ. ಮನೆಯಲ್ಲಿದ್ದ 400 ಗುಲಾಮರನ್ನೂ, ಹೆಂಗಸರು ಮಕ್ಕಳೆನ್ನದೆ, ಕೊಲ್ಲಿಸಲಾಯಿತು. ಜನ ಬೀದಿಗಿಳಿದು ವಿರೋಧಿಸಿದರೂ ಸೆನೆಟ್ ಕೇಳಲಿಲ್ಲ. ಇತಿಹಾಸಕಾರ ಟ್ಯಾಸಿಟಸ್ ಇದನ್ನು ವಿವರವಾಗಿ ಬರೆದಿದ್ದಾನೆ. ಒನೇಸಿಮ ಮನೆಯ ಹಾದಿ ಹಿಡಿದದ್ದು ಇಂಥ ಕಾಲದಲ್ಲಿ ಎಂಬುದನ್ನು ಮರೆಯಬಾರದು.

ರೋಮನ್ ಗುಲಾಮಗಿರಿ ನಮ್ಮ ಜೀತದ ಹಾಗೆಯೇ ಇತ್ತೆ?

ಬೇರೆ. ಜೀತದ ಬೇರು ಸಾಲದಲ್ಲಿ. ಜೀತದಾಳು ಕಾನೂನಿನ ಕಣ್ಣಿಗೆ ಮನುಷ್ಯನೇ. ರೋಮನ್ ಗುಲಾಮ ಕೊಂಡು ಮಾರುವ ಆಸ್ತಿ. ಅವನ ಮದುವೆಗೆ ಮಾನ್ಯತೆ ಇಲ್ಲ, ಮಕ್ಕಳ ಮೇಲೆ ಹಕ್ಕಿಲ್ಲ. ಯುದ್ಧದಲ್ಲಿ ಸೆರೆಸಿಕ್ಕಿಯೋ ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿಯೋ ಎತ್ತಿಕೊಂಡು ಹೋದವರ ಕೈಗೆ ಸಿಕ್ಕಿಯೋ ಗುಲಾಮರಾದವರೇ ಹೆಚ್ಚು. ಬಿಡುಗಡೆಯ ದಾರಿಗಳು ಮಾತ್ರ ಇದ್ದವು, ಬಿಡುಗಡೆಯಾದವರ ಸಂಖ್ಯೆಯೂ ದೊಡ್ಡದೇ.

ಪೌಲ ಅವನನ್ನು ಹಾಗೇ ಇಟ್ಟುಕೊಳ್ಳಬಹುದಿತ್ತಲ್ಲ?

ಇಟ್ಟುಕೊಳ್ಳುವ ಮನಸ್ಸಿತ್ತು, 13ನೇ ವಚನದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಆದರೆ ಎರಡು ಕಾನೂನುಗಳು ಎದುರುಬದುರು ನಿಂತಿದ್ದವು. ಓಡಿಹೋದ ಗುಲಾಮನನ್ನು ಬಚ್ಚಿಟ್ಟವನು ಕಳ್ಳನೇ ಎನ್ನುವುದು ರೋಮನ್ ಕಾನೂನು. 20 ದಿನದೊಳಗೆ ಯಜಮಾನನಿಗೋ ಅಧಿಕಾರಿಗಳಿಗೋ ಒಪ್ಪಿಸಿದರೆ ಕ್ಷಮೆ ಎಂಬ ನಿಯಮವೂ ‘ಡೈಜೆಸ್ಟ್’ನಲ್ಲಿದೆ. ಯೆಹೂದಿ ಧರ್ಮಶಾಸ್ತ್ರ ನೇರ ವಿರುದ್ಧ: ಯಜಮಾನನಿಂದ ತಪ್ಪಿಸಿಕೊಂಡು ಬಂದ ದಾಸನನ್ನು ಹಿಂದಕ್ಕೆ ಒಪ್ಪಿಸಬಾರದು, ಅವನು ಇಷ್ಟಪಟ್ಟ ಊರಲ್ಲಿ ನಿಮ್ಮ ನಡುವೆ ಇರಲಿ, ಉಪದ್ರವ ಕೊಡಬೇಡಿ (ಧರ್ಮೋಪದೇಶಕಾಂಡ 23:15–16). ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ ಪಂಥದಲ್ಲಿ ಬೆಳೆದ ಪೌಲನಿಗೆ ಇದು ಗೊತ್ತಿಲ್ಲದೆ ಇರಲಾರದು.

ಪೌಲ ಮೂರನೆಯ ದಾರಿ ಹುಡುಕಿದ. ಒನೇಸಿಮನನ್ನು ಅಧಿಕಾರಿಗಳಿಗೆ ಒಪ್ಪಿಸಲಿಲ್ಲ, ಬಚ್ಚಿಡಲೂ ಇಲ್ಲ. ಯಜಮಾನನ ಬಳಿಗೇ ಕಳಿಸಿದ, ಆದರೆ ಗುಲಾಮನಾಗಿ ಅಲ್ಲ. ‘ನನ್ನ ಕರುಳನ್ನೇ ಕಳಿಸುತ್ತಿದ್ದೇನೆ’ (12) ಎಂದ.

ಒನೇಸಿಮನ ಪರಿವರ್ತನೆಯ ಬಗ್ಗೆ ಪತ್ರ ಏನು ಹೇಳುತ್ತದೆ?

ಒಂದೇ ಒಂದು ಸಾಲು: ‘ಸೆರೆಯಲ್ಲಿದ್ದಾಗ ನಾನು ಹೆತ್ತ ನನ್ನ ಮಗ ಒನೇಸಿಮ’ (10). ಎಷ್ಟು ದಿನ ಹಿಡಿಯಿತು, ಏನು ಮಾತಾಡಿದರು, ಯಾರು ದೀಕ್ಷಾಸ್ನಾನ ಕೊಟ್ಟರು, ಏನೂ ಇಲ್ಲ. ಇದರ ಸುತ್ತ ಕಣ್ಣೀರಿನ ದೃಶ್ಯ ಕಟ್ಟುವವರು ತಮ್ಮ ಕೈಯಿಂದ ಸೇರಿಸುತ್ತಿದ್ದಾರೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅಪೊಸ್ತಲರ ಕೃತ್ಯಗಳಲ್ಲಿ ಲುದ್ಯಳ ಮನೆಯವರು, ಸೆರೆಮನೆಯ ಯಜಮಾನನ ಮನೆಯವರು ಎಲ್ಲರೂ ಒಟ್ಟಿಗೆ ದೀಕ್ಷಾಸ್ನಾನ ಪಡೆಯುತ್ತಾರೆ. ಮನೆಯೊಡೆಯ ನಂಬಿದರೆ ಮನೆಯಾಳುಗಳೂ ಹಿಂಬಾಲಿಸುವುದು ಆ ಕಾಲದ ವಾಡಿಕೆ. ಫಿಲೆಮೋನನ ಮನೆಯಲ್ಲಿ ಹಾಗಾಗಲಿಲ್ಲ. ಸಭೆ ಸೇರುತ್ತಿದ್ದ ಮನೆಯಲ್ಲೇ ಇದ್ದು, ಬಂದವರ ಕಾಲಿಗೆ ನೀರು ಕೊಡುವ ಕೆಲಸದವರಲ್ಲಿ ಒಬ್ಬನಾಗಿದ್ದಿರಬಹುದಾದ ಒನೇಸಿಮ ಅಲ್ಲಿ ನಂಬಲಿಲ್ಲ. ನಂಬಿದ್ದು ಒಬ್ಬ ಕೈದಿಯ ಬಳಿ. ಏಕೆ ಎಂದು ಪತ್ರ ಹೇಳುವುದಿಲ್ಲ, ಆದರೆ ಮನೆಯಲ್ಲಿ ಸಭೆ ನಡೆಸುವ ಯಜಮಾನರು ಈ ಪ್ರಶ್ನೆಯ ಮುಂದೆ ಸ್ವಲ್ಪ ಹೊತ್ತು ಕೂರಲೇಬೇಕು.

ರಾಜಿ ಮಾಡಿಸಲು ಪೌಲ ಹಿಡಿದ ಕ್ರಮವೇನು?

ನಮ್ಮ ದೃಷ್ಟಿಯಲ್ಲಿ ಪತ್ರದ ಜೀವಾಳ ಇದೇ. ‘ಕ್ಷಮಿಸಿಬಿಡು’ ಎಂದು ಒಂದು ಮಾತು ಹೇಳಿ ಪೌಲ ಕೈತೊಳೆದುಕೊಳ್ಳಲಿಲ್ಲ.

ಮೊದಲು ಅವನು ಸಾಕ್ಷಿಗಳನ್ನು ಕೂರಿಸಿದ. ಪತ್ರ ಹೋಗಿರುವುದು ಫಿಲೆಮೋನನೊಬ್ಬನಿಗಲ್ಲ. ಅಪ್ಫಿಯ, ಅರ್ಖಿಪ್ಪ, ‘ನಿನ್ನ ಮನೆಯಲ್ಲಿ ಸೇರುವ ಸಭೆ’ ಎಲ್ಲರಿಗೂ. ಅಂದರೆ ಇದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾರೆ. ಗ್ರೀಕಿನಲ್ಲಿ ಆರಂಭದ ಮತ್ತು ಕೊನೆಯ ಹಾರೈಕೆಗಳು, 22ರ ಪ್ರಾರ್ಥನೆಯ ಮಾತು ‘ನೀವು’ ಎಂದು ಎಲ್ಲರನ್ನೂ ಸೇರಿಸಿಕೊಳ್ಳುತ್ತವೆ. ನಡುವಿನ 4ರಿಂದ 21ರವರೆಗೆ ಮಾತು ‘ನೀನು’ ಎಂದು ಫಿಲೆಮೋನನೊಬ್ಬನ ಕಡೆಗೆ ತಿರುಗುತ್ತದೆ. ಸಭೆಯೆಲ್ಲ ಕೇಳಿಸಿಕೊಳ್ಳುತ್ತಿದೆ, ಉತ್ತರಿಸಬೇಕಾದವನು ಒಬ್ಬ.

ಎರಡನೆಯದಾಗಿ, ಆಜ್ಞೆ ಮಾಡುವ ಅಧಿಕಾರ ತನಗಿದೆ ಎಂದು ಹೇಳಿ ಅದನ್ನು ಬದಿಗಿಟ್ಟ (8–9). ಒತ್ತಾಯದಿಂದ ಮಾಡಿದ ಒಳ್ಳೆಯದು ಮನಸ್ಸಿನಿಂದ ಮಾಡಿದ ಒಳ್ಳೆಯದಲ್ಲ ಎಂದ (14). ಒನೇಸಿಮನ ಹೆಸರನ್ನು ತಕ್ಷಣ ಎತ್ತಲೂ ಇಲ್ಲ. 9 ವಚನ ಕಳೆದ ಮೇಲೆ, ಅದೂ ‘ನನ್ನ ಮಗ’ ಎಂದ ಮೇಲೆಯೇ ಹೆಸರು ಬರುವುದು. ಗ್ರೀಕ್ ವಾಕ್ಯದಲ್ಲಿ ಆ ಹೆಸರು ಬಹಳ ಹೊತ್ತು ಕಾಯಿಸಿ ಕೊನೆಗೆ ಬೀಳುತ್ತದೆ.

ಮೂರನೆಯದು ಲೆಕ್ಕ. ‘ನನ್ನ ಲೆಕ್ಕಕ್ಕೆ ಬರೆದುಕೋ. ಪೌಲನೆಂಬ ನಾನು ನನ್ನ ಸ್ವಂತ ಕೈಯಿಂದ ಬರೆಯುತ್ತಿದ್ದೇನೆ, ನಾನೇ ತೀರಿಸುತ್ತೇನೆ’ (18–19). ಆಗ ಪತ್ರಗಳನ್ನು ಸಾಮಾನ್ಯವಾಗಿ ಬರಹಗಾರನಿಂದ ಬರೆಸುತ್ತಿದ್ದರು. ಇಲ್ಲಿ ಪೌಲ ಲೇಖನಿಯನ್ನು ತಾನೇ ತೆಗೆದುಕೊಂಡು ಸಾಲಪತ್ರದ ಭಾಷೆಯಲ್ಲಿ ಜಾಮೀನು ಬರೆಯುತ್ತಾನೆ. ನಷ್ಟ ಆಗಿದ್ದರೆ ಅದನ್ನು ಯಾರಾದರೂ ತುಂಬಬೇಕು. ತುಂಬುವವನು ದುರ್ಬಲ ಪಕ್ಷದವನಾಗಬಾರದು.

ನಾಲ್ಕನೆಯದು ಜೊತೆಗಾರ. ಕೊಲೊಸ್ಸೆ 4:7–9ರ ಪ್ರಕಾರ ಒನೇಸಿಮ ಪೌಲನ ಸಹಸೇವಕ ತುಖಿಕನ ಜೊತೆ ಹೊರಟಿದ್ದಾನೆ. ಒಂಟಿಯಾಗಿ ಕಳಿಸಿದ್ದರೆ ದಾರಿಯಲ್ಲಿ ಗುಲಾಮರನ್ನು ಹಿಡಿಯುವವರ ಕೈಗೆ ಬೀಳುವ ಅಪಾಯವಿತ್ತು.

ಕೊನೆಗೆ, ‘ನನಗೂ ಒಂದು ಕೋಣೆ ಸಿದ್ಧಮಾಡು.’ ನಾನೇ ಬಂದು ನೋಡುತ್ತೇನೆ ಎಂಬ ಸೌಮ್ಯವಾದ ಎಚ್ಚರಿಕೆ ಅದು.

ಇಷ್ಟರಲ್ಲಿ ಒನೇಸಿಮನಿಗೆ ಕೊಟ್ಟ ಬುದ್ಧಿವಾದ ಒಂದೂ ಇಲ್ಲ. ‘ಹೋಗಿ ಕಾಲಿಗೆ ಬೀಳು’ ಎನ್ನುವ ಸೂಚನೆಯೂ ಇಲ್ಲ. ಬದಲಾಗಬೇಕಾದ ಹೊರೆಯೆಲ್ಲ ಯಜಮಾನನ ಮೇಲೆ.

ಆ ಕಾಲದಲ್ಲಿ ಇಂಥ ಶಿಫಾರಸು ಪತ್ರಗಳು ಬೇರೆ ಇದ್ದವೇ?

ಇದ್ದವು. ಎಲ್ಲರೂ ಹೋಲಿಸಿ ನೋಡುವುದು ರೋಮನ್ ಅಧಿಕಾರಿಯೂ ಲೇಖಕನೂ ಆದ ಕಿರಿಯ ಪ್ಲಿನಿ ತನ್ನ ಗೆಳೆಯ ಸಬಿನಿಯಾನಸ್‌ಗೆ ಬರೆದದ್ದನ್ನು. ಅಲ್ಲಿರುವವನು ಗುಲಾಮನಲ್ಲ, ಗುಲಾಮಗಿರಿಯಿಂದ ಬಿಡುಗಡೆಯಾದವನು. ಪ್ಲಿನಿಯ ಕಾಲು ಹಿಡಿದು ಅತ್ತ, ಪಶ್ಚಾತ್ತಾಪಪಟ್ಟ. ನಾನೂ ಚೆನ್ನಾಗಿ ಬೈದಿದ್ದೇನೆ, ಇನ್ನು ನೀನು ಸಿಟ್ಟು ಬಿಡು, ಅವನ ಚಿಕ್ಕ ವಯಸ್ಸು ನೋಡು ಎಂದು ಪ್ಲಿನಿ ಕೇಳುತ್ತಾನೆ. ಸಬಿನಿಯಾನಸ್ ಒಪ್ಪಿದ, ಪ್ಲಿನಿ ಧನ್ಯವಾದ ಬರೆದ. ಆ ಎರಡನೇ ಪತ್ರವೂ ಉಳಿದಿದೆ.

ಪ್ಲಿನಿ ಕೇಳಿದ್ದು ಕರುಣೆ. ಪೌಲ ಒನೇಸಿಮನ ಪಶ್ಚಾತ್ತಾಪವನ್ನು ಎಲ್ಲೂ ಮುಂದೊಡ್ಡುವುದಿಲ್ಲ, ಬೈದೆನೆಂದೂ ಹೇಳುವುದಿಲ್ಲ. ಅವನು ಕೇಳುವುದು ಸ್ಥಾನದ ಬದಲಾವಣೆ: ‘ಇನ್ನು ಮೇಲೆ ದಾಸನಂತಲ್ಲ, ದಾಸನಿಗಿಂತ ಹೆಚ್ಚಾಗಿ, ಪ್ರಿಯ ಸಹೋದರನಾಗಿ’ (16). ‘ನನ್ನನ್ನು ಹೇಗೆ ಬರಮಾಡಿಕೊಳ್ಳುವೆಯೋ ಹಾಗೆ ಅವನನ್ನು ಬರಮಾಡಿಕೋ’ (17).

ಹಾಗಾದರೆ ಬಿಡುಗಡೆ ಮಾಡು ಎಂದು ಪೌಲ ನೇರವಾಗಿ ಏಕೆ ಬರೆಯಲಿಲ್ಲ?

ಬರೆಯಲಿಲ್ಲ ಎಂಬುದು ನಿಜ, ಅದನ್ನು ಮುಚ್ಚಿಡುವುದು ಸರಿಯಲ್ಲ. ‘ನಾನು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಮಾಡುವೆ ಎಂದು ಗೊತ್ತಿದೆ’ (21) ಎಂಬ ಮಾತು ಬಿಡುಗಡೆಯ ಕಡೆಗೆ ಬೆರಳು ತೋರಿಸುತ್ತದೆಂದು ಹಲವರು ಓದುತ್ತಾರೆ. ಇಲ್ಲ, ಒನೇಸಿಮನನ್ನು ತನ್ನ ಸೇವೆಗೆ ವಾಪಸ್ ಕಳಿಸು ಎಂಬ ಸೂಚನೆ ಅದು ಎನ್ನುವವರೂ ಇದ್ದಾರೆ. 16ನೇ ವಚನದ ‘ಶರೀರ ಸಂಬಂಧವಾಗಿಯೂ ಕರ್ತನಲ್ಲಿಯೂ’ ಎಂಬ ಮಾತನ್ನು ಮಾತ್ರ ಬಿಡಬಾರದು. ಸಹೋದರತ್ವ ಪ್ರಾರ್ಥನೆಯ ಹೊತ್ತಿಗೆ ಮಾತ್ರ ಸೀಮಿತವಲ್ಲ, ದಿನನಿತ್ಯದ ಬದುಕಿನಲ್ಲೂ ಇರಬೇಕು ಎನ್ನುತ್ತದೆ ಅದು. ಸಹೋದರನನ್ನು ಮಾರುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ. ಕಾಗದದಲ್ಲಿ ಗುಲಾಮನಾಗಿ ಉಳಿದರೂ ಗುಲಾಮಗಿರಿಗೆ ಅಲ್ಲಿ ನಿಲ್ಲಲು ನೆಲ ಉಳಿಯುವುದಿಲ್ಲ.

ಆದರೂ ಒಂದು ವಾಕ್ಯ ನೇರವಾಗಿ ಇದ್ದಿದ್ದರೆ ಮುಂದಿನ ಹದಿನೆಂಟು ಶತಮಾನ ಅದೆಷ್ಟು ಜನರ ಬೆನ್ನು ಉಳಿಯುತ್ತಿತ್ತೋ.

ಫಿಲೆಮೋನ ಕೊನೆಗೆ ಏನು ಮಾಡಿದ?

ಉತ್ತರದ ಪತ್ರ ಉಳಿದಿಲ್ಲ. ಆದರೆ ಈ ಪತ್ರ ಉಳಿದಿದೆ. ಫಿಲೆಮೋನ ಸಿಟ್ಟಿನಿಂದ ತಿರಸ್ಕರಿಸಿದ್ದರೆ ಅದನ್ನು ಕಾಪಾಡಿ ಪ್ರತಿ ಮಾಡಿಸಿ ಹಂಚುವವರು ಯಾರಿರುತ್ತಿದ್ದರು ಎಂಬ ವಾದದಲ್ಲಿ ಹುರುಳಿದೆ. ಇದರ ಅತಿ ಹಳೆಯ ತುಣುಕು ಜರ್ಮನಿಯ ಕೊಲೋನ್‌ನಲ್ಲಿದೆ. 87ನೇ ಸಂಖ್ಯೆಯ ಪಪೈರಸ್ ಎಂದು ಕರೆಯುತ್ತಾರೆ, ಸಾಮಾನ್ಯವಾಗಿ 3ನೇ ಶತಮಾನದ್ದೆಂದು ಗುರುತಿಸುತ್ತಾರೆ. ಅದರಲ್ಲಿ 13ರಿಂದ 15, 24 ಮತ್ತು 25ನೇ ವಚನಗಳ ಭಾಗಗಳಿವೆ.

ಒನೇಸಿಮ ಮುಂದೆ ಬಿಷಪ್ ಆದನೆಂಬುದು ನಿಜವೇ?

ಕ್ರಿ.ಶ. 110ರ ಆಸುಪಾಸಿನಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಎಫೆಸದವರಿಗೆ ಬರೆದ ಪತ್ರದಲ್ಲಿ ಅಲ್ಲಿನ ಬಿಷಪ್ ಒನೇಸಿಮನನ್ನು ಬಾಯ್ತುಂಬ ಹೊಗಳಿದ್ದಾನೆ. ಅದೇ ಪತ್ರದ ಕೆಲವು ನುಡಿಗಟ್ಟುಗಳು ಫಿಲೆಮೋನನ ಪತ್ರವನ್ನು ನೆನಪಿಸುತ್ತವೆ. ಇದನ್ನು ಹಿಡಿದು ಅಮೆರಿಕದ ವಿದ್ವಾಂಸ ಜಾನ್ ನಾಕ್ಸ್ 1935ರಲ್ಲಿ, ಇಬ್ಬರೂ ಒಬ್ಬನೇ, ಪೌಲನ ಪತ್ರಗಳನ್ನು ಒಟ್ಟುಗೂಡಿಸಿದವನೂ ಅವನೇ ಇರಬಹುದು ಎಂದು ವಾದಿಸಿದ. ಆಕರ್ಷಕ ವಾದ. ಆದರೆ ಒನೇಸಿಮ ಎಂಬುದು ಗುಲಾಮರಿಗೆ ಧಾರಾಳವಾಗಿ ಇಡುತ್ತಿದ್ದ ಹೆಸರು, ನಡುವೆ ಐವತ್ತು ವರ್ಷದ ಅಂತರ ಬೇರೆ. 4ನೇ ಶತಮಾನದ ‘ಅಪೊಸ್ತಲಿಕ ನಿಯಮಾವಳಿ’ ಅವನನ್ನು ಮಕೆದೋನ್ಯದ ಬೆರೋಯದ ಬಿಷಪ್ ಎನ್ನುತ್ತದೆ. ಸಂಪ್ರದಾಯ ಸಂಪ್ರದಾಯವಾಗಿಯೇ ಇರಲಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಅವನನ್ನು ಫೆಬ್ರವರಿ 15ರಂದು ಸ್ಮರಿಸುತ್ತವೆ.

ಗುಲಾಮ ಬಿಷಪ್ ಆಗುವುದು ಸಾಧ್ಯವಿತ್ತೇ?

ಖಂಡಿತ. ಕಲ್ಲಿಸ್ತಸ್‌ನನ್ನು ನೋಡಿ. ಕಾರ್ಪೊಫೊರಸ್ ಎಂಬ ಕ್ರೈಸ್ತನ ಗುಲಾಮ. ನಂಬಿಕೆಯಿಂದ ಕೊಟ್ಟಿದ್ದ ಠೇವಣಿ ಹಣ ಕಳೆದುಹೋದಾಗ ಹೆದರಿ ಓಡಿ, ಬಂದರಿನಲ್ಲಿ ಹಡಗು ಹತ್ತಿದ. ಯಜಮಾನ ಹಿಂಬಾಲಿಸಿ ಬಂದದ್ದು ಕಂಡು ಸಮುದ್ರಕ್ಕೆ ಹಾರಿದ. ಎತ್ತಿ ತಂದು ಬೀಸುವ ಕಲ್ಲಿಗೆ ಹಚ್ಚಿದರು. ಮುಂದೆ ಸಾರ್ಡೀನಿಯಾದ ಗಣಿಗಳಿಗೂ ಹೋಗಿಬಂದ ಇವನು ಸುಮಾರು 217ರಿಂದ 222ರವರೆಗೆ ರೋಮಿನ ಬಿಷಪ್. ಇದನ್ನೆಲ್ಲ ಬರೆದಿಟ್ಟದ್ದು ಅವನ ಕಡು ವಿರೋಧಿಯ ಲೇಖನಿ, ಆದ್ದರಿಂದ ಬಣ್ಣ ಕಳೆದು ಓದಬೇಕು.

ನಂತರದ ಸಭೆ ಈ ಪತ್ರವನ್ನು ಹೇಗೆ ಬಳಸಿತು?

ಹೆಚ್ಚಾಗಿ ಯಜಮಾನರ ಪರವಾಗಿ. ಸುಮಾರು 340ರ ಗಂಗ್ರದ ಸಭಾಸಮ್ಮೇಳನ, ಭಕ್ತಿಯ ನೆಪದಲ್ಲಿ ಯಜಮಾನನನ್ನು ಬಿಟ್ಟುಹೋಗಲು ಗುಲಾಮನಿಗೆ ಕಲಿಸುವವರನ್ನು ಶಪಿಸಿತು. 451ರ ಕಲ್ಕೆದೋನ್ ಸಮ್ಮೇಳನ ಯಜಮಾನನ ಒಪ್ಪಿಗೆಯಿಲ್ಲದೆ ಗುಲಾಮರನ್ನು ಮಠಕ್ಕೆ ಸೇರಿಸಿಕೊಳ್ಳಬಾರದೆಂದಿತು. ಕಪ್ಪದೋಕ್ಯದ ಕೈಸರೈಯದ ಬಿಷಪ್ ಬಸಿಲ್, ಮಠಕ್ಕೆ ಓಡಿಬಂದ ಗುಲಾಮನಿಗೆ ಬುದ್ಧಿ ಹೇಳಿ ಹಿಂದಕ್ಕೆ ಕಳಿಸಿ ಎಂದು ಒನೇಸಿಮನ ಉದಾಹರಣೆ ಕೊಟ್ಟ. ಆದರೆ ಯಜಮಾನ ದುಷ್ಟನಾಗಿ ದೇವರ ಆಜ್ಞೆ ಮೀರಲು ಒತ್ತಾಯಿಸುವವನಾದರೆ ಮಾತು ಬೇರೆ ಎಂದೂ ಸೇರಿಸಿದ. ಬಸಿಲನ ತಮ್ಮ ನಿಸ್ಸದ ಗ್ರೆಗೊರಿ ಮಾತ್ರ, ಮನುಷ್ಯನನ್ನು ಕೊಳ್ಳುವುದನ್ನೇ ನೇರವಾಗಿ ಖಂಡಿಸಿದ. ದೇವರ ರೂಪಕ್ಕೆ ಬೆಲೆ ಕಟ್ಟುವವರು ಯಾರು ಎಂಬುದು ಅವನ ವಾದದ ಸಾರ.

ಅಮೆರಿಕದಲ್ಲಿ 1850ರ ಪಲಾಯಿತ ಗುಲಾಮರ ಕಾನೂನಿನ ಸಮರ್ಥಕರು ಈ ಪತ್ರವನ್ನೇ ಎತ್ತಿ ಹಿಡಿದರು. ಅದಕ್ಕೂ ಮುಂಚೆ, 1833ರ ಸುಮಾರಿಗೆ, ಜಾರ್ಜಿಯಾದಲ್ಲಿ ಬೋಧಕ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಗುಲಾಮರ ದೊಡ್ಡ ಸಭೆಗೆ ಇದೇ ಪತ್ರದ ಮೇಲೆ ಪ್ರಸಂಗ ಮಾಡಿ, ಓಡಿಹೋಗುವುದು ಪಾಪ ಎಂದ. ಅರ್ಧ ಸಭೆ ಎದ್ದು ಹೊರನಡೆಯಿತು. ಉಳಿದವರಲ್ಲೂ ಕೆಲವರು ಪ್ರಸಂಗ ಮುಗಿದ ಮೇಲೆ, ಇಂಥ ಪತ್ರ ಬೈಬಲಿನಲ್ಲೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಜೋನ್ಸನೇ ಇದನ್ನು ದಾಖಲಿಸಿದ್ದಾನೆ. ಅಂದು ಹೊರನಡೆದವರು ಪತ್ರದ 16ನೇ ವಚನಕ್ಕೆ ಪ್ರಸಂಗಿಗಿಂತ ಹತ್ತಿರವಿದ್ದರು ಎಂಬುದು ನಮ್ಮ ದೃಢ ಅಭಿಪ್ರಾಯ.

ಹೊಡೆತ ತಿಂದು ಮನೆ ಬಿಟ್ಟ ಹೆಣ್ಣುಮಗಳನ್ನು, ಮಾಲೀಕನಿಂದ ತಪ್ಪಿಸಿಕೊಂಡ ಕೆಲಸದಾಳನ್ನು ‘ಒನೇಸಿಮನಂತೆ ಹಿಂದಿರುಗು’ ಎಂದು ಕಳಿಸಬಹುದೇ?

ಕೂಡದು. ಹಾಗೆ ಕಳಿಸುವವರು ಪೌಲ ಮಾಡಿದ ಒಂದು ಕೆಲಸವನ್ನು ಮಾತ್ರ ಎತ್ತಿಕೊಂಡು ಉಳಿದ ಐದನ್ನೂ ಬಿಡುತ್ತಾರೆ. ಬಲಾಢ್ಯನಿಗೆ ಮೊದಲೇ ಲಿಖಿತವಾಗಿ ತಿಳಿಸಿದಿರಾ? ಸಾಕ್ಷಿಗಳ ಮುಂದೆ ಅವನನ್ನು ಹೊಣೆ ಮಾಡಿದಿರಾ? ಜೊತೆಗೆ ಯಾರನ್ನಾದರೂ ಕಳಿಸಿದಿರಾ? ನಷ್ಟದ ಹೊರೆ ಹೊತ್ತಿರಾ? ಹೋಗಿ ನೋಡಿಬರುವ ದಿನ ಹೇಳಿದಿರಾ? ಇವಕ್ಕೆಲ್ಲ ಹೌದು ಎಂದ ಮೇಲೂ, ಜೀವಕ್ಕೆ ಅಪಾಯವಿರುವಲ್ಲಿ ಈ ಪತ್ರವನ್ನು ಹಿಡಿದು ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಪೌಲನಿಗೆ ಫಿಲೆಮೋನನ ಸ್ವಭಾವ ಹತ್ತಿರದಿಂದ ಗೊತ್ತಿತ್ತು. ಪರಿಶುದ್ಧರ ಕರುಳಿಗೆ ತಂಪೆರೆದವನು ಎಂದು 7ನೇ ವಚನದಲ್ಲಿ ಹೇಳಿಯೇ ಮುಂದುವರಿಯುತ್ತಾನೆ. ಇಂದು ಇಂಥ ಸಂದರ್ಭದಲ್ಲಿ ಮೊದಲು ಬೇಕಾದ್ದು ಸುರಕ್ಷಿತ ಜಾಗ, ಕಾನೂನಿನ ನೆರವು. ಭಾರತದಲ್ಲಿ ಜೀತ ಪದ್ಧತಿ 1976ರ ಕಾಯ್ದೆಯಿಂದ ರದ್ದಾಗಿದೆ. ಕೌಟುಂಬಿಕ ದೌರ್ಜನ್ಯಕ್ಕೆ 2005ರ ಕಾಯ್ದೆ ಇದೆ.

ಇದನ್ನು ಗುಂಪಿನಲ್ಲಿ ಅಧ್ಯಯನ ಮಾಡುವುದು ಹೇಗೆ?

ಪೂರ್ತಿ ಪತ್ರವನ್ನು ಒಬ್ಬರು ನಿಧಾನವಾಗಿ, ಗಟ್ಟಿಯಾಗಿ ಓದಲಿ. ನಾಲ್ಕು ನಿಮಿಷ ಸಾಕು. ಎರಡನೇ ಓದಿನಲ್ಲಿ ಒಬ್ಬರು ಫಿಲೆಮೋನನಾಗಿ, ಇನ್ನೊಬ್ಬರು ಬಾಗಿಲ ಬಳಿ ನಿಂತ ಒನೇಸಿಮನಾಗಿ ಕೇಳಿಸಿಕೊಳ್ಳಲಿ. ಒನೇಸಿಮನ ಬಾಯಿಂದ ಪತ್ರದಲ್ಲಿ ಒಂದು ಮಾತೂ ಇಲ್ಲ ಎಂಬುದು ಆಗ ಎದ್ದು ಕಾಣುತ್ತದೆ. ಆಮೇಲೆ 8ರಿಂದ 20ರವರೆಗಿನ ವಚನಗಳನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಿ. ಕೊಲೊಸ್ಸೆ 3:22–4:1ರ ‘ದಾಸರೇ ವಿಧೇಯರಾಗಿರಿ’ ಭಾಗವನ್ನು ಮೊದಲೇ ಓದಿಸಿದರೆ ಚರ್ಚೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ನಮ್ಮ ಚರ್ಚುಗಳಲ್ಲಿ ಇದನ್ನು ಯಾವಾಗ ಓದುತ್ತಾರೆ?

ಕ್ಯಾಥೊಲಿಕ್ ಭಾನುವಾರದ ವಾಚನ ಕ್ರಮದಲ್ಲಿ ಮೂರು ವರ್ಷಕ್ಕೊಮ್ಮೆ, ಆ ಮೂರು ವರ್ಷದ ಸುತ್ತಿನಲ್ಲಿ ಮೂರನೆಯದಾದ ‘ಸಿ’ ವರ್ಷದ 23ನೇ ಸಾಮಾನ್ಯ ಭಾನುವಾರ. ಕರ್ನಾಟಕದ ಕ್ಯಾಥೊಲಿಕ್ ಚರ್ಚುಗಳಿಗೂ ಇದೇ ಕ್ರಮ. ಕಳೆದ ಬಾರಿ ಓದಿದ್ದು 2025ರ ಸೆಪ್ಟೆಂಬರ್ ಮೊದಲ ಭಾನುವಾರ, ಮುಂದಿನದು 2028ರಲ್ಲಿ. ಅಂದು ಓದುವುದು 9, 10 ಮತ್ತು 12ರಿಂದ 17ರವರೆಗಿನ ವಚನಗಳನ್ನು ಮಾತ್ರ. ಪೌಲ ಸಾಲದ ಹೊಣೆ ಹೊರುವ 18, 19 ಹೊರಗುಳಿಯುತ್ತವೆ. ಪ್ರಸಂಗ ಮಾಡುವವರು ಆ ಎರಡನ್ನು ತಾವೇ ಓದಿ ಸೇರಿಸಿಕೊಳ್ಳುವುದು ಒಳ್ಳೆಯದು.